ಮಾವನ ಕಾಗದ, ಮೆಡಿಕಲ್ ಸೀಟು

ಅರಬಿ, ಫಾರಸಿಗಳಿಂದ ಕನ್ನಡಕ್ಕೆ ಬಂದ ನೂರಾರು ಮಾತುಗಳಲ್ಲಿ ಎರಡು ಮಾತುಗಳು ನಮ್ಮ ಸಾರ್ವಜನಿಕ ಬದುಕಿನ ಗುಟ್ಟನ್ನೇ ಹೇಳಿಬಿಡುತ್ತವೆ. ಒಂದು ಶಿಫಾರಸು, ಇನ್ನೊಂದು ವಶೀಲಿ. ಫಾರಸಿಯ ಸಿಫಾರಿಶ್ ಉರ್ದುವಿನಲ್ಲಿ ಹಾಗೆಯೇ ಉಳಿದಿದೆ. ಕನ್ನಡದಲ್ಲಿ ಅದು ಶಿಫಾರಸು ಆಯಿತು, ಮಲಯಾಳದಲ್ಲಿ ಶುಪಾರ್ಶ. ವಶೀಲಿಯ ಮೂಲ ಅರಬಿಯ ವಸೀಲಾ. ಹತ್ತಿರ ತಲುಪುವ ದಾರಿ, ಸಾಧನ ಎಂದು ಅದರ ಅರ್ಥ. ಭಕ್ತಿಯ ಸಂದರ್ಭದಲ್ಲಿ ತುಂಬ ಗೌರವದಿಂದ ಬಳಸುವ ಪದ. ಆದರೆ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು ಕನ್ನಡಕ್ಕೆ ಬರುವ ಹೊತ್ತಿಗೆ ಅದರ ಮುಖವೇ ಬದಲಾಗಿತ್ತು. ಕನ್ನಡದಲ್ಲಿ ವಶೀಲಿ ಎಂದರೆ ಹಿತ್ತಲ ಬಾಗಿಲು.

ಕೊಡಗಿನಂಥ ಜಿಲ್ಲೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಉರ್ದು, ತುಳು, ಕನ್ನಡ ಎಲ್ಲವೂ ಒಂದೇ ಸಂತೆಯಲ್ಲಿ ಕೇಳಿಸುತ್ತವೆ. ಮನೆಮಾತು ಯಾವುದೇ ಇರಲಿ, ಮಗನಿಗೋ ಮಗಳಿಗೋ ಕಾಲೇಜು ಸೀಟಿನ ಮಾತು ಬಂದಾಗ ಈ ಪದಗಳೂ ಬರುತ್ತವೆ. ಅದರಲ್ಲೂ ಮೆಡಿಕಲ್ ಸೀಟು ಎಂದರೆ ಮೊದಲ ಪ್ರಶ್ನೆ, ‘ಯಾರಾದರೂ ಗೊತ್ತಿದ್ದಾರಾ?’ ಎಷ್ಟು ಅಂಕ ಬಂದಿದೆ ಎನ್ನುವುದು ಎರಡನೆಯ ಪ್ರಶ್ನೆ. ಈ ಕ್ರಮ ನಮ್ಮಲ್ಲಿ ಹೇಗೆ ಬೆಳೆಯಿತು? ಅದನ್ನು ತಿರುಗಿಸಲು ನಾಡು ಏನೇನು ಮಾಡಿತು? ಆ ಹಳೆಯ ಕಾಗದ ನಿಜವಾಗಿಯೂ ಸತ್ತಿದೆಯೇ? ಇವನ್ನು ಚರಿತ್ರೆಯ ಬೆಳಕಿನಲ್ಲಿ ನೋಡುವ ಅಗತ್ಯವಿದೆ.

ಕಾಲೇಜಿಲ್ಲದ ನಾಡು

1834ರಲ್ಲಿ ಬ್ರಿಟಿಷರ ಕೈ ಸೇರಿದ ಕೊಡಗು, 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನವಾಗುವವರೆಗೆ ಪ್ರತ್ಯೇಕ ಆಡಳಿತ ಪ್ರದೇಶವಾಗಿತ್ತು. 1952ರಿಂದ ವಿಲೀನದವರೆಗೆ ಸಿ.ಎಂ. ಪೂಣಚ್ಚನವರು ಅದರ ಮುಖ್ಯಮಂತ್ರಿಯಾಗಿದ್ದರು. ಮಡಿಕೇರಿಗೆ ಸರ್ಕಾರಿ ಕಾಲೇಜು ಬಂದದ್ದು 1949ರಲ್ಲಿ. ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ. ಈ ಎರಡು ಇಸವಿಗಳ ನಡುವಿನ ಅರುವತ್ತೇಳು ವರ್ಷಗಳಲ್ಲಿ, ಅದಕ್ಕೂ ಮೊದಲಿನ ಅಷ್ಟೂ ಕಾಲದಲ್ಲಿ, ಡಾಕ್ಟರಾಗಬೇಕೆಂಬ ಕೊಡಗಿನ ಹುಡುಗ ಹುಡುಗಿಯರು ಘಟ್ಟ ಇಳಿಯಲೇಬೇಕಿತ್ತು. ಒಂದೋ ಮದರಾಸು. ಇಲ್ಲವೇ 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡ ವೈದ್ಯಕೀಯ ಕಾಲೇಜು. 1953ರ ನಂತರ ಡಾ. ಟಿ.ಎಂ.ಎ. ಪೈ ಅವರು ಕಟ್ಟಿದ ಮಣಿಪಾಲದ ಕಸ್ತೂರ್ಬಾ ಕಾಲೇಜು, 1955ರ ನಂತರ ಬೆಂಗಳೂರು ವೈದ್ಯಕೀಯ ಕಾಲೇಜು.

ಊರಲ್ಲಿ ಎಲ್ಲರಿಗೂ ಗೊತ್ತಿರುವ ಹುಡುಗ, ಯಾರಿಗೂ ಗೊತ್ತಿಲ್ಲದ ಊರಿಗೆ ಹೋಗಿ ನಿಲ್ಲುವಾಗ ಕೈಯಲ್ಲಿ ಒಂದು ಕಾಗದ ಬೇಕೆನಿಸುವುದು ಸಹಜ. ‘ಈ ಪತ್ರ ತರುವವನು ನನ್ನ ತಂಗಿಯ ಮಗ, ಒಳ್ಳೆಯ ನಡತೆಯವನು, ತಾವು ಕೃಪೆಯಿಟ್ಟು ನೋಡಿಕೊಳ್ಳಬೇಕು’ ಎಂಬ ಧಾಟಿಯ ಕಾಗದಗಳನ್ನು ಹಳೆಯ ತಲೆಮಾರಿನವರು ಬಲ್ಲರು. ಬರೆದವರು ಸೈನ್ಯದ ಅಧಿಕಾರಿಯೋ, ಕಾಫಿ ತೋಟದ ಮಾಲೀಕರೋ, ವಕೀಲರೋ, ಮರದ ವ್ಯಾಪಾರಿಯೋ ಆಗಿರುತ್ತಿದ್ದರು. ಈ ಕಾಗದದಲ್ಲಿ ಹುಡುಗನ ಬಗ್ಗೆ ಇರುತ್ತಿದ್ದ ವಿಷಯ ಕಡಿಮೆ. ಬರೆದವರು ಯಾರು ಎನ್ನುವುದೇ ಅದರ ಮುಖ್ಯ ವಿಷಯ.

ಇದನ್ನು ಒಂದು ಜಾತಿಯ, ಒಂದು ಧರ್ಮದ ದೋಷ ಎನ್ನುವುದು ಸರಿಯಲ್ಲ. ಕೊಡವರಲ್ಲಿ ಒಕ್ಕದ ಮನೆಹೆಸರು ವ್ಯಕ್ತಿಯ ಹೆಸರಿಗೆ ಮೊದಲೇ ಬರುತ್ತದೆ. ಹೆಸರು ಹೇಳಿದ ಕೂಡಲೇ ಕೇಳುವವರಿಗೆ ಊರು, ನಂಟು ಎಲ್ಲ ಗೊತ್ತಾಗುತ್ತದೆ. ನಮ್ಮ ಮುಸ್ಲಿಂ ಮನೆತನಗಳಲ್ಲೂ ಖಾನ್‌ದಾನ್ ಎಂಬ ಮಾತಿಗೆ ಇದ್ದ ತೂಕ ಅದೇ. ಹೆಸರೇ ಅರ್ಧ ಶಿಫಾರಸು ಪತ್ರವಾಗಿದ್ದ ಕಾಲ ಅದು. ಹಾಗಾದರೆ ಹೆಸರಿನ ಹಿಂದೆ ಏನೂ ಇಲ್ಲದವರ ಗತಿ? ಸಿದ್ದಾಪುರ, ನೆಲ್ಯಹುದಿಕೇರಿ ಕಡೆಯ ತೋಟಗಳ ಲೈನ್ ಮನೆಗಳಲ್ಲಿ ಬೆಳೆದ ಕೂಲಿಯ ಮಗಳಿಗೆ, ಎರವರ, ಕುರುಬರ ಮಕ್ಕಳಿಗೆ, ಮಲಬಾರಿನಿಂದ ಬಂದು ಮೆಣಸು ಕೊಯ್ಯುವ ಮಾಪಿಳ್ಳೆಯ ಮಗನಿಗೆ ಕಾಗದ ಬರೆಯುವ ಮಾವ ಯಾರಿದ್ದರು? ಶಿಫಾರಸಿನ ಪ್ರಶ್ನೆಯ ಒಳಗಿರುವ ನಿಜವಾದ ಪ್ರಶ್ನೆ ಇದು.

ಮೀಸಲಾತಿ ಬೇರೆ, ಶಿಫಾರಸು ಬೇರೆ

ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅಭ್ಯಾಸ ಇಂದಿಗೂ ಇದೆ. ಎರಡೂ ಅಂಕವನ್ನು ಪಕ್ಕಕ್ಕೆ ಸರಿಸುತ್ತವೆ ಎನ್ನುವುದು ವಾದ. ಆದರೆ ಮೀಸಲಾತಿ ಎಲ್ಲರಿಗೂ ಮೊದಲೇ ತಿಳಿಸಿದ ನಿಯಮ. ಅದನ್ನು ಓದಬಹುದು, ಟೀಕಿಸಬಹುದು, ಕೋರ್ಟಿನಲ್ಲಿ ಪ್ರಶ್ನಿಸಬಹುದು. ಶಿಫಾರಸು ಇಬ್ಬರ ನಡುವಿನ ಮಾತು. ಅದರಿಂದ ಸೀಟು ಕಳೆದುಕೊಂಡವನಿಗೆ ತಾನು ಕಳೆದುಕೊಂಡದ್ದು ಹೇಗೆ ಎಂಬುದೇ ತಿಳಿಯುವುದಿಲ್ಲ.

ಮದರಾಸು ಪ್ರಾಂತದ ಕಮ್ಯುನಲ್ ಜಿ.ಓ. ಇದಕ್ಕೆ ಒಳ್ಳೆಯ ಉದಾಹರಣೆ. ಪ್ರತಿ 14 ಸೀಟುಗಳಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಆಂಗ್ಲೋ ಇಂಡಿಯನ್ ಮತ್ತು ಕ್ರೈಸ್ತರಿಗೆ 1, ಮುಸ್ಲಿಮರಿಗೆ 1 ಎಂದು ಅದು ಹಂಚಿತ್ತು. ಮೆಡಿಕಲ್ ಸೀಟಿನ ವಿಷಯದಲ್ಲಿ ಚಂಪಕಂ ದೊರೈರಾಜನ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1951ರಲ್ಲಿ ಅದನ್ನು ರದ್ದು ಮಾಡಿತು. ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂದದ್ದು ಅದೇ ವರ್ಷ. ಆ ನಿಯಮ ಸರಿಯೋ ತಪ್ಪೋ ಎಂಬ ಚರ್ಚೆ ಬಹಿರಂಗವಾಗಿ ನಡೆಯಿತು, ನಡೆಯಲು ಸಾಧ್ಯವಾಯಿತು. ಮಾವನ ಕಾಗದದ ಮೇಲೆ ಅಂಥ ಮೊಕದ್ದಮೆ ಹೂಡುವುದು ಹೇಗೆ? ಅದಕ್ಕೆ ದಾಖಲೆಯೇ ಇರುವುದಿಲ್ಲ.

ಸಂದರ್ಶನವೆಂಬ ಕಿಟಕಿ

ಮೈಸೂರು ರಾಜ್ಯದ ಕಥೆ ಇನ್ನೂ ಸ್ವಾರಸ್ಯಕರ. 1962ರ ಜುಲೈ 31ರ ಸರ್ಕಾರಿ ಆದೇಶ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ. 68 ಸೀಟುಗಳನ್ನು ಮೀಸಲಿಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಮೀಸಲಾತಿ ಸಾಮಾನ್ಯವಾಗಿ ಶೇ. 50ನ್ನು ಮೀರಬಾರದು ಎಂಬ ಮಾತಿನ ಬೇರು ಇರುವುದು ಈ ಮೈಸೂರಿನ ಮೊಕದ್ದಮೆಯಲ್ಲಿ. ಇದು ಎಲ್ಲರಿಗೂ ನೆನಪಿದೆ. ಮುಂದಿನ ವರ್ಷ ನಡೆದದ್ದು ಅಷ್ಟಾಗಿ ನೆನಪಿಲ್ಲ.

1963ರಲ್ಲಿ ಹೊಸ ಆದೇಶ ಬಂತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ. 25ರಷ್ಟನ್ನು ಸಂದರ್ಶನಕ್ಕೆ ಇಡಲಾಯಿತು. ಆಯ್ಕೆ ಸಮಿತಿ ನೋಡಬೇಕಾದದ್ದು ಸಾಮಾನ್ಯ ಜ್ಞಾನ, ಒಲವು ಮತ್ತು ವ್ಯಕ್ತಿತ್ವ, ಹಿಂದಿನ ಓದಿನ ಸಾಧನೆ, ಎನ್‌ಸಿಸಿ, ಆಟೋಟ, ಸಮಾಜ ಸೇವೆ, ಚರ್ಚೆ, ನಾಟಕ ಇತ್ಯಾದಿ. ಕಾಗದದ ಮೇಲೆ ಎಷ್ಟು ಚೆಂದದ ಪಟ್ಟಿ! ಆದರೆ ಲೈನ್ ಮನೆಯಿಂದ ಮೈಲಿಗಟ್ಟಲೆ ನಡೆದು ಶಾಲೆಗೆ ಹೋಗಿ, ಸಂಜೆ ತಮ್ಮನನ್ನು ಎತ್ತಿಕೊಂಡು ಒಲೆ ಹೊತ್ತಿಸುವ ಹುಡುಗಿ ಯಾವ ನಾಟಕದಲ್ಲಿ ಪಾತ್ರ ಮಾಡಿದ್ದಳು? ವ್ಯಕ್ತಿತ್ವ ಎಂದರೆ ಇಂಗ್ಲಿಷ್ ಮಾತನಾಡುವ ಧೈರ್ಯ ಎಂದು ಅರ್ಥ ಮಾಡಿಕೊಂಡಿದ್ದ ಕಾಲದಲ್ಲಿ ಆ ಅಂಕಗಳು ಯಾರ ಪಾಲಾಗುತ್ತವೆ ಎಂದು ಊಹಿಸಲು ಪಂಡಿತರು ಬೇಕಿಲ್ಲ.

ಈ ಕ್ರಮವನ್ನು ಪ್ರಶ್ನಿಸಿದ ಚಿತ್ರಲೇಖಾ ಮೊಕದ್ದಮೆಯಲ್ಲಿ 1964ರ ಜನವರಿಯಲ್ಲಿ ತೀರ್ಪು ಬಂತು. ದುರುಪಯೋಗ ಆಗಬಹುದು ಎಂಬ ಒಂದೇ ಕಾರಣಕ್ಕೆ ಸಂದರ್ಶನದ ಪದ್ಧತಿಯನ್ನು ಕೆಡವಲಾಗದು ಎಂದು ಬಹುಮತದ ನ್ಯಾಯಮೂರ್ತಿಗಳು ಹೇಳಿದರು. ಕಾನೂನಿನ ದೃಷ್ಟಿಯಿಂದ ಆ ಮಾತಿಗೆ ತರ್ಕವಿತ್ತು. ಆದರೆ ಶಿಫಾರಸಿನ ಕಾಗದಕ್ಕೆ ಬೇಕಾಗಿದ್ದದ್ದು ಒಂದು ಕಿಟಕಿ, ಅದು ತೆರೆದೇ ಉಳಿಯಿತು. ಪರೀಕ್ಷೆಯ ಅಂಕವನ್ನು ಮಾವ ತಿದ್ದಲಾರ. ಸಂದರ್ಶನದ ಅಂಕಕ್ಕೆ ಮಾತ್ರ ಒಂದು ಮಾತು ಹೇಳಬಲ್ಲ.

ಸಂಬಂಧವೇ ನಿಯಮವಾದ ಸಂದರ್ಭವೂ ಇದೆ. 1971ರ ಚಂಚಲಾ ಮೊಕದ್ದಮೆಯಲ್ಲಿ ಮೈಸೂರು ರಾಜ್ಯದ ವೈದ್ಯಕೀಯ ಸೀಟು ಹಂಚಿಕೆಯ ನಿಯಮಗಳು ಸುಪ್ರೀಂ ಕೋರ್ಟಿನ ಮುಂದೆ ಬಂದವು. ಸ್ವಾತಂತ್ರ್ಯ ಹೋರಾಟದಲ್ಲಿ ನೊಂದವರ ಮಕ್ಕಳಿಗೆ, ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ಇಟ್ಟ ಸೀಟುಗಳನ್ನು ಕೋರ್ಟು ಎತ್ತಿಹಿಡಿಯಿತು. ಕಾರ್ಯಪ್ಪ, ತಿಮ್ಮಯ್ಯರಂಥ ಸೇನಾನಿಗಳನ್ನು ಕೊಟ್ಟ ಕೊಡಗಿಗೆ ಇದು ದೂರದ ವಿಷಯವಲ್ಲ. ಇಲ್ಲಿಯೂ ‘ನೀನು ಯಾರ ಮಗ?’ ಎಂಬ ಪ್ರಶ್ನೆಯೇ ಇದೆ. ಆದರೆ ಅದರ ಹಿಂದೆ ಕಾರಣವಿದೆ. ಅಪ್ಪ ಗಡಿಯಲ್ಲಿದ್ದಾಗ ಮಗನ ಓದಿಗೆ ಅಡ್ಡಿಯಾಗಿದೆ, ಅದನ್ನು ಸಮಾಜ ತುಂಬಿಕೊಡಬೇಕು ಎಂಬ ಕಾರಣ. ಕಾರಣ ಹೇಳಬಲ್ಲ ನಿಯಮವನ್ನು ಒಪ್ಪಬಹುದು. ಕಾರಣ ಹೇಳಲಾಗದ ಕಾಗದವನ್ನು ಒಪ್ಪುವುದು ಹೇಗೆ?

ಚಿತ್ರಲೇಖಾ ತೀರ್ಪಿನ ಹದಿನಾರು ವರ್ಷಗಳ ನಂತರ ಕೋರ್ಟಿನ ಧಾಟಿ ಬದಲಾಯಿತು. ಶ್ರೀನಗರದ ರೀಜನಲ್ ಎಂಜಿನಿಯರಿಂಗ್ ಕಾಲೇಜಿಗೆ ಸಂಬಂಧಿಸಿದ ಅಜಯ್ ಹಸಿಯಾ ಮೊಕದ್ದಮೆಯ ತೀರ್ಪು ಬಂದದ್ದು 1980ರ ನವೆಂಬರಿನಲ್ಲಿ. ಅಲ್ಲಿ ಲಿಖಿತ ಪರೀಕ್ಷೆಗೆ 100 ಅಂಕ, ಸಂದರ್ಶನಕ್ಕೆ 50. ಒಬ್ಬೊಬ್ಬರ ಸಂದರ್ಶನ ಎರಡು ಮೂರು ನಿಮಿಷಗಳಲ್ಲಿ ಮುಗಿಯುತ್ತಿತ್ತು, ತಂದೆ ಯಾರು, ಮನೆ ಎಲ್ಲಿ ಎಂಬಂಥ ಪ್ರಶ್ನೆಗಳನ್ನು ಕೇಳುತ್ತಿದ್ದರು ಎನ್ನುವುದು ಅರ್ಜಿದಾರರ ದೂರು. ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಇಡುವುದು ಮನಸೋಇಚ್ಛೆಯ ಕ್ರಮ ಎಂದು ಕೋರ್ಟು ಹೇಳಿತು. ಮಾತು ಎಂಜಿನಿಯರಿಂಗ್ ಕಾಲೇಜಿನದಾದರೂ ಪಾಠ ಎಲ್ಲ ಕಾಲೇಜುಗಳಿಗೂ ಸಲ್ಲುವಂಥದ್ದು.

ಹೊರನಾಡಿನ ಪಾಠ

ಇದು ನಮ್ಮ ದೇಶದ ಕಾಯಿಲೆ ಮಾತ್ರ ಎಂದುಕೊಳ್ಳಬೇಕಿಲ್ಲ. ಅಮೆರಿಕದ ಹಾರ್ವರ್ಡ್‌ನಲ್ಲಿ 1920ರ ದಶಕದಲ್ಲಿ ಪರೀಕ್ಷೆಯ ಬಲದ ಮೇಲೆ ಒಳಬರುತ್ತಿದ್ದ ಯಹೂದಿ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿದಾಗ ಅಧ್ಯಕ್ಷ ಲೊವೆಲ್ ಅವರಿಗೆ ಆತಂಕವಾಯಿತು. ಬಹಿರಂಗ ಮಿತಿ ಹಾಕುವ ಯೋಜನೆಗೆ ವಿರೋಧ ಬಂದ ಮೇಲೆ ‘ಚಾರಿತ್ರ್ಯ’, ‘ವ್ಯಕ್ತಿತ್ವ’ ಎಂಬ ಅಳತೆಗೋಲುಗಳಿಗೆ ಮಹತ್ವ ಬಂತು. ನಡತೆಯನ್ನು ಹೊಗಳುವ ಪತ್ರ ಹೀಗೆ ಬೇಲಿಯೂ ಆಯಿತು. ಇಂದು ಅಮೆರಿಕದ ವೈದ್ಯಕೀಯ ಶಾಲೆಗಳು ಅರ್ಜಿಯ ಜೊತೆ ಶಿಫಾರಸು ಪತ್ರ ಕೇಳುತ್ತವೆ. ಆದರೆ ಪಾಠ ಹೇಳಿದ ಅಧ್ಯಾಪಕರ, ಜೊತೆಗೆ ಕೆಲಸ ಮಾಡಿದವರ ಪತ್ರಕ್ಕೆ ಅಲ್ಲಿ ಬೆಲೆ. ನೆಂಟರ ಪತ್ರ ಅರ್ಜಿಗೆ ನೆರವಾಗುವ ಬದಲು ತೊಡಕಾಗುತ್ತದೆ.

ಲಂಡನ್ನಿನ ಸೇಂಟ್ ಜಾರ್ಜ್ ವೈದ್ಯಕೀಯ ಶಾಲೆಯ ಕಥೆ ಇನ್ನೂ ಎಚ್ಚರಿಕೆಯದು. ಅಲ್ಲಿ ಅರ್ಜಿಗಳನ್ನು ಜಾಲಾಡಲು ಒಂದು ಕಂಪ್ಯೂಟರ್ ಕಾರ್ಯಕ್ರಮವನ್ನು ರೂಪಿಸಿದರು. ಹಿಂದಿನ ಆಯ್ಕೆಗಳ ಮಾದರಿಯನ್ನೇ ಅದು ಅನುಸರಿಸಿತು. ಪರಿಣಾಮವಾಗಿ ಹೆಂಗಸರಿಗೂ, ಯುರೋಪಿಯನ್ ಅಲ್ಲದ ಹೆಸರಿನವರಿಗೂ ಅಂಕ ಕಡಿತವಾಗುತ್ತಿತ್ತು. 1988ರಲ್ಲಿ ಅಲ್ಲಿನ ಜನಾಂಗೀಯ ಸಮಾನತೆಯ ಆಯೋಗ ಇದನ್ನು ತನಿಖೆ ಮಾಡಿ ಬಯಲಿಗೆ ತಂದಿತು. ಮನುಷ್ಯರ ಪಕ್ಷಪಾತವನ್ನು ಯಂತ್ರವೂ ಕಲಿಯುತ್ತದೆ. ಆದರೆ ಯಂತ್ರದ ಲೆಕ್ಕ ದಾಖಲೆಯಾಗಿ ಉಳಿಯುತ್ತದೆ, ಅದಕ್ಕಾಗಿಯೇ ಸಿಕ್ಕಿಬಿತ್ತು.

ಕಾಗದ ಹೋಗಿ ಕಾಸು ಬಂತು

ಕರ್ನಾಟಕದಲ್ಲಿ ಶಿಫಾರಸಿನ ಜಾಗಕ್ಕೆ ನಿಧಾನವಾಗಿ ಬಂದದ್ದು ಡೊನೇಶನ್. 1963ರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ಕಾಲೇಜು, ಗುಲ್ಬರ್ಗದ ಮಹಾದೇವಪ್ಪ ರಾಂಪುರೆ ಕಾಲೇಜು, 1965ರಲ್ಲಿ ದಾವಣಗೆರೆಯ ಜೆಜೆಎಂ ಹೀಗೆ ಖಾಸಗಿ ವೈದ್ಯಕೀಯ ಕಾಲೇಜುಗಳು ಬೆಳೆದವು. ಎಷ್ಟೋ ಸಮುದಾಯಗಳ ಮೊದಲ ಡಾಕ್ಟರುಗಳು ಇಂಥ ಕಾಲೇಜುಗಳಿಂದ ಹೊರಬಂದರು. ಡಾ. ಮುಮ್ತಾಜ್ ಅಹ್ಮದ್ ಖಾನ್ 1966ರಲ್ಲಿ ಕಟ್ಟಿದ ಅಲ್ ಅಮೀನ್ ಸಂಸ್ಥೆ 1984ರಲ್ಲಿ ಬಿಜಾಪುರದಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಶಿಫಾರಸು ಮಾಡುವ ದೊಡ್ಡವರು ಇಲ್ಲದ ಸಮುದಾಯಗಳು ತಮ್ಮದೇ ಕಾಲೇಜು ಕಟ್ಟಿಕೊಂಡದ್ದು ಒಂದು ಬಗೆಯ ಉತ್ತರವೇ. ಆದರೆ ಕಾಲೇಜು ಯಾರದೇ ಇರಲಿ, ಸೀಟಿಗೆ ಬೆಲೆ ಕಟ್ಟಿದ ಮೇಲೆ ಸಮುದಾಯದೊಳಗಿನ ಬಡವ ಹೊರಗೇ ಉಳಿಯುತ್ತಾನೆ.

1984ರಲ್ಲೇ ರಾಜ್ಯ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆ ತಂದಿತು. ಆದರೂ 1989ರ ಅಧಿಸೂಚನೆಯ ಪ್ರಕಾರ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿವರೆಗೆ ಬೋಧನಾ ಶುಲ್ಕ. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಅಷ್ಟು ಕಟ್ಟಲಾಗದ ಮೀರತ್‌ನ ಮೋಹಿನಿ ಜೈನ್ ಕೋರ್ಟಿಗೆ ಹೋದರು. ಕ್ಯಾಪಿಟೇಶನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದು 1992ರಲ್ಲಿ ತೀರ್ಪು ಬಂತು. 1993ರ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜುಗಳ ಅರ್ಧದಷ್ಟು ಸೀಟನ್ನು ಸರ್ಕಾರಿ ಶುಲ್ಕಕ್ಕೆ, ಅಂಕದ ಆಧಾರದ ಮೇಲೆ ಕೊಡಬೇಕೆಂದಿತು. ಅದರ ಬೆನ್ನಿಗೇ 1994ರಲ್ಲಿ ಕರ್ನಾಟಕದ ಸಿಇಟಿ ಆರಂಭವಾಯಿತು.

ನಮ್ಮ ತಲೆಮಾರಿನವರು ಸಿಇಟಿಯ ಕಾಲದವರು. ಸಿಇಟಿ ನಮಗೆ ಕೊಟ್ಟದ್ದು ಒಂದು ಸಂಖ್ಯೆ. ಆ ರ‍್ಯಾಂಕನ್ನು ಹಿಡಿದು ಕುಟ್ಟದಿಂದಲೋ ಸುಂಟಿಕೊಪ್ಪದಿಂದಲೋ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಕೌನ್ಸೆಲಿಂಗಿಗೆ ಹೋದವರು, ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಉಳಿದಿದೆ ಎಂದು ಎಲ್ಲರೊಂದಿಗೆ ನಿಂತು ನೋಡಬಹುದಿತ್ತು. ಮುಂದಿನ ರ‍್ಯಾಂಕಿನವರನ್ನು ಕೂಗಿದಾಗ ಮಂತ್ರಿಯ ಮಗಳೂ ಟೈಲರನ ಮಗಳೂ ಸರದಿಯಲ್ಲೇ ಹೋಗಬೇಕು. ಹಳ್ಳಿಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲು ಸೀಟುಗಳಿದ್ದವು. ಅವೂ ಬರೆದಿಟ್ಟ ನಿಯಮಗಳೇ. ಶಿಫಾರಸಿನ ಚರಿತ್ರೆಯಲ್ಲಿ ಇದೊಂದು ದೊಡ್ಡ ತಿರುವು. ಕಾಗದ ಬರೆಯುವ ಮಾವನಿಗೆ ಅಲ್ಲಿ ಕುರ್ಚಿಯೇ ಇರಲಿಲ್ಲ.

ಪರೀಕ್ಷೆಯೂ ನಿರ್ಮಲವಲ್ಲ ಎನ್ನುವುದು ನಿಜ. ಕೋಚಿಂಗ್‌ಗೆ ಹಣ ಬೇಕು. 2016ರ ನಂತರ ನೀಟ್ ದೇಶಕ್ಕೆಲ್ಲ ಕಡ್ಡಾಯವಾಯಿತು. 2017ರಲ್ಲಿ ಕನ್ನಡದಲ್ಲಿ, 2018ರಲ್ಲಿ ಉರ್ದುವಿನಲ್ಲಿ ಪ್ರಶ್ನೆಪತ್ರಿಕೆ ಬಂದರೂ ದುಬಾರಿ ಕೋಚಿಂಗಿನ ಗೋಡೆ ಕರಗಲಿಲ್ಲ. 2024ರಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯ ಗಲಾಟೆ ಎದ್ದು, ಅದೇ ಜುಲೈಯಲ್ಲಿ ಕರ್ನಾಟಕದ ಶಾಸಕಾಂಗ ನೀಟ್ ಬೇಡವೆಂಬ ನಿರ್ಣಯ ಮಾಡಿತು. ಆದರೂ ಪರೀಕ್ಷೆಯ ದೋಷಕ್ಕೆ ಪರಿಹಾರ ಹೆಚ್ಚು ನ್ಯಾಯದ ಪರೀಕ್ಷೆ, ಹೆಚ್ಚು ಒಳ್ಳೆಯ ಶಾಲೆ. ಹಳೆಯ ಕಾಗದಕ್ಕೆ ಮರಳುವುದು ಪರಿಹಾರವಲ್ಲ.

ದುಬೈ ಚಿಕ್ಕಪ್ಪನ ಅಫಿಡವಿಟ್

ಮರಳುವುದೇ ಬೇಡ, ಅದು ವೇಷ ಬದಲಿಸಿ ಬಂದೇಬಿಟ್ಟಿದೆ. 2005ರ ಇನಾಂದಾರ್ ತೀರ್ಪು ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಎನ್‌ಆರ್‌ಐ ಸೀಟುಗಳಿಗೆ ಶೇ. 15ರ ಮಿತಿ ಹಾಕಿತು. ಆ ಸೀಟುಗಳು ನಿಜವಾದ ಅನಿವಾಸಿ ಭಾರತೀಯರಿಗೆ, ಅವರ ಮಕ್ಕಳಿಗೆ ಅಥವಾ ಅವರ ಆಶ್ರಯದಲ್ಲಿರುವವರಿಗೆ ಮಾತ್ರ ಎಂದೂ ಹೇಳಿತು. ಮುಂದೆ ಪ್ರಶ್ನೆ ಎದ್ದದ್ದು ‘ಸಂಬಂಧಿ’ ಎಂದರೆ ಯಾರು ಎಂದು. ಕರ್ನಾಟಕದ ಡೀಮ್ಡ್ ವಿಶ್ವವಿದ್ಯಾಲಯಗಳ ಒಕ್ಕೂಟ ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂತು. ಡೀಮ್ಡ್ ವಿಶ್ವವಿದ್ಯಾಲಯಗಳ ಎನ್‌ಆರ್‌ಐ ಸೀಟಿಗೆ ಬೇಕಾದ ದಾಖಲೆಗಳ ಪಟ್ಟಿಯಲ್ಲಿ ಆ ಆದೇಶವನ್ನೇ ಉಲ್ಲೇಖಿಸಲಾಗುತ್ತದೆ. ಪ್ರಾಯೋಜಕರ ಪಾಸ್‌ಪೋರ್ಟು, ವೀಸಾ, ರಾಯಭಾರ ಕಚೇರಿಯ ಪ್ರಮಾಣಪತ್ರ, ವಿದ್ಯಾರ್ಥಿಯೊಂದಿಗಿನ ಸಂಬಂಧದ ದಾಖಲೆ, ಪೂರ್ತಿ ಕೋರ್ಸಿನ ಶುಲ್ಕವನ್ನು ತಾನೇ ಕೊಡುತ್ತೇನೆಂಬ ಅಫಿಡವಿಟ್.

ಓದುಗರೇ, ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಹಳೆಯ ಶಿಫಾರಸು ಪತ್ರದ ಎಲ್ಲ ಅಂಗಗಳೂ ಇದರಲ್ಲಿವೆ. ಆಗ ಲೆಟರ್‌ಹೆಡ್ ಇತ್ತು, ಈಗ ಸ್ಟಾಂಪ್ ಪೇಪರ್. ಆಗ ಮಾವ ತನ್ನ ಮಾನವನ್ನು ಅಡವಿಡುತ್ತಿದ್ದ, ಈಗ ಚಿಕ್ಕಪ್ಪ ತನ್ನ ಬ್ಯಾಂಕ್ ಖಾತೆಯನ್ನು ಮುಂದಿಡುತ್ತಾನೆ. ಕೊಲ್ಲಿ ದೇಶಗಳಲ್ಲಿ ಬೆವರು ಸುರಿಸುವ ನಮ್ಮ ಕಡೆಯ ಸಾವಿರಾರು ಜನರಲ್ಲಿ ಡ್ರೈವರ್, ಮೇಸ್ತ್ರಿ, ಹೋಟೆಲ್ ಕೆಲಸದವರೇ ಹೆಚ್ಚು. ಅವರೂ ಎನ್‌ಆರ್‌ಐಗಳೇ. ಆದರೆ ಅವರ ಅಫಿಡವಿಟ್‌ನಿಂದ ಸೀಟು ಬರುವುದಿಲ್ಲ.

2024ರ ಆಗಸ್ಟಿನಲ್ಲಿ ಪಂಜಾಬ್ ಸರ್ಕಾರ ಎನ್‌ಆರ್‌ಐ ಕೋಟಾದ ವ್ಯಾಖ್ಯೆಯನ್ನು ಹಿಗ್ಗಿಸಿ ಚಿಕ್ಕಪ್ಪ, ಮಾವ, ಅತ್ತೆ, ಅಜ್ಜ, ಅಜ್ಜಿ, ಅವರ ಮಕ್ಕಳವರೆಗೂ ಒಯ್ದಿತು. ಹೈಕೋರ್ಟು ಅದನ್ನು ರದ್ದು ಮಾಡಿತು. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟು ಸರ್ಕಾರದ ಮೇಲ್ಮನವಿಯನ್ನು ತಳ್ಳಿಹಾಕುತ್ತ, ಇದು ವಂಚನೆ, ಹಣ ಮಾಡುವ ದಂಧೆ ಎಂಬ ಕಟು ಮಾತುಗಳನ್ನಾಡಿತು. ಅದೇ ವರ್ಷ ಕರ್ನಾಟಕ ಸರ್ಕಾರವೂ ತನ್ನ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಎನ್‌ಆರ್‌ಐ ಕೋಟಾ ಬೇಕೆಂದು ಕೇಂದ್ರವನ್ನು ಕೇಳಿಕೊಂಡಿತ್ತು. ಕಾಲೇಜು ನಡೆಸಲು ಹಣ ಬೇಕು ಎನ್ನುವುದು ಸುಳ್ಳಲ್ಲ. ಆದರೆ ಮಡಿಕೇರಿಯ ಕಾಲೇಜಿನಂಥ ಕಾಲೇಜುಗಳು ಹುಟ್ಟಿದ್ದೇ ಹೊರಗಿನ ನೆಂಟರಿಲ್ಲದವರಿಗಾಗಿ ಎಂಬುದನ್ನು ಮರೆಯುವಂತಿಲ್ಲ.

ಹೊಣೆ ಹೊರುವ ಕಾಗದ

ಹಾಗಾದರೆ ಒಬ್ಬರ ಪರವಾಗಿ ಇನ್ನೊಬ್ಬರು ಬರೆಯುವ ಎಲ್ಲ ಪತ್ರಗಳೂ ಕೆಟ್ಟವೇ? ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಮಾದರಿ ಬೇರೊಂದು ಸಾಧ್ಯತೆಯನ್ನು ತೋರಿಸುತ್ತದೆ. 1918ರಲ್ಲಿ ಐಡಾ ಸ್ಕಡರ್ ಹೆಂಗಸರಿಗಾಗಿ ತೆರೆದ ವೈದ್ಯ ಶಾಲೆಯಿಂದ ಬೆಳೆದ ಈ ಸಂಸ್ಥೆಯಲ್ಲಿ ಚರ್ಚ್ ಸಂಘಟನೆಗಳು ವಿದ್ಯಾರ್ಥಿಯನ್ನು ಪ್ರಾಯೋಜಿಸುವ ಪದ್ಧತಿ ಬೆಳೆಯಿತು. ಓದು ಮುಗಿಸಿದ ಡಾಕ್ಟರು ಪ್ರಾಯೋಜಿಸಿದವರ ಆಸ್ಪತ್ರೆಯಲ್ಲಿ ಎರಡು ವರ್ಷ ಸೇವೆ ಸಲ್ಲಿಸಬೇಕು. ಎಷ್ಟೋ ಸಲ ಅದು ದೂರದ ಹಳ್ಳಿಯ ಆಸ್ಪತ್ರೆ. ಆ ಪದ್ಧತಿಯ ಬಗ್ಗೆಯೂ ಕೋರ್ಟುಗಳಲ್ಲಿ ವಾದ ನಡೆಯಿತು. 2020ರಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟ್ ಅನ್ವಯ ಎಂದಿತು. ಆದರೂ ಆ ಪತ್ರದಲ್ಲೊಂದು ನೀತಿಯಿದೆ. ಅದು ಪಡೆದವನ ಮೇಲೆ ಸಾಲ ಹೊರಿಸುತ್ತದೆ, ಆ ಸಾಲವನ್ನು ರೋಗಿಗಳಿಗೆ ತೀರಿಸಬೇಕು. ಮಾವನ ಕಾಗದದ ಸಾಲ ತೀರುವುದು ಮಾವನಿಗೆ ಮಾತ್ರ.

ಇನ್ನೊಂದು ಮಾತನ್ನೂ ಹೇಳಬೇಕು. ಹಳೆಯ ಶಿಫಾರಸು ಪತ್ರದ ಜೊತೆ ಮಾವ ಇನ್ನೇನನ್ನೋ ಕೊಡುತ್ತಿದ್ದ. ಅರ್ಜಿ ಯಾವಾಗ ಕರೆಯುತ್ತಾರೆ, ಯಾವ ಪ್ರಮಾಣಪತ್ರ ಬೇಕು, ಯಾವ ಕಾಲೇಜಿನಲ್ಲಿ ಹಾಸ್ಟೆಲ್ ಇದೆ, ಎಷ್ಟು ಖರ್ಚಾಗುತ್ತದೆ ಎಂಬ ಮಾಹಿತಿ. ನೆಂಟರಿಲ್ಲದ ಮಕ್ಕಳು ಇಂದಿಗೂ ಸೋಲುವುದು ಬಹುಮಟ್ಟಿಗೆ ಇಲ್ಲಿ. ತಹಶೀಲ್ದಾರರಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಸಕಾಲಕ್ಕೆ ಮಾಡಿಸದೆ, ಗ್ರಾಮೀಣ ವ್ಯಾಸಂಗದ ದಾಖಲೆಗೆ ಶಾಲೆಯ ಸಹಿ ಹಾಕಿಸದೆ, ಆಯ್ಕೆ ದಾಖಲಿಸುವ ಕೊನೆಯ ದಿನ ತಿಳಿಯದೆ ಸೀಟು ಕೈತಪ್ಪಿದ ಮಕ್ಕಳು ಎಷ್ಟೋ ಮಂದಿ. ಮಾಹಿತಿ ಒಬ್ಬನಿಗೆ ಕೊಟ್ಟರೆ ಶಿಫಾರಸು, ಎಲ್ಲರಿಗೂ ಕೊಟ್ಟರೆ ಶಿಕ್ಷಣ.

ಇಂದು ಕೊಡಗಿನ ಪ್ರತಿ ಸಮುದಾಯದಲ್ಲೂ ಡಾಕ್ಟರುಗಳಿದ್ದಾರೆ, ಓದಿದ ಮಾವಂದಿರಿದ್ದಾರೆ. ಮಡಿಕೇರಿಯಲ್ಲೇ ವರ್ಷಕ್ಕೆ 150 ಸೀಟುಗಳ ವೈದ್ಯಕೀಯ ಕಾಲೇಜಿದೆ. ಕೊಡವ ಸಮಾಜಗಳಿಗೆ, ಮಸೀದಿಯ ಜಮಾಅತ್‌ಗಳಿಗೆ, ಗೌಡ ಸಮಾಜಗಳಿಗೆ, ಚರ್ಚುಗಳಿಗೆ ಕಟ್ಟಡಗಳಿವೆ. ಮೇ, ಜೂನ್ ತಿಂಗಳುಗಳಲ್ಲಿ ಆ ಕಟ್ಟಡಗಳ ಒಂದೊಂದು ಕೋಣೆಯಲ್ಲಿ ಅರ್ಜಿ ತುಂಬಿಸುವ ಮೇಜು ಹಾಕಿ, ಯಾವ ಮನೆಯ ಮಕ್ಕಳು ಬಂದರೂ ‘ನೀನು ಯಾರ ಮಗಳು’ ಎಂದು ಕೇಳದೆ ‘ನಿನ್ನ ರ‍್ಯಾಂಕ್ ಎಷ್ಟು, ಯಾವ ದಾಖಲೆ ಬಾಕಿಯಿದೆ’ ಎಂದು ಕೇಳುವಂತಾಗಬೇಕು. ವಸೀಲಾ ಎಂಬ ಮಾತಿಗೆ ಹತ್ತಿರ ತಲುಪಿಸುವ ದಾರಿ ಎಂಬ ಅರ್ಥ ಇನ್ನೂ ಉಳಿದಿದೆ. ದಾರಿ ಎಂದರೆ ಎಲ್ಲರೂ ನಡೆಯಬಹುದಾದದ್ದು ತಾನೇ?